ರವಿಕೆಯನ್ನು ಯಾರು ತೊಡಬಹುದಿತ್ತು?

ಓದುಗರ ಪ್ರಶ್ನೆ: ನಮ್ಮ ಮನೆಯಲ್ಲಿ 1930ರ ಆಸುಪಾಸಿನ ಒಂದು ಫೋಟೊ ಇದೆ. ಮುತ್ತಜ್ಜಿ ರವಿಕೆಯಿಲ್ಲದೆ ಸೆರಗನ್ನು ಮೈತುಂಬ ಹೊದ್ದು ಕುಳಿತಿದ್ದಾರೆ. ಪಕ್ಕದಲ್ಲಿ ನಿಂತಿರುವ ಅವರ ಮಗಳು, ಅಂದರೆ ನನ್ನ ಅಜ್ಜಿ, ಬುಗ್ಗೆ ತೋಳಿನ ರವಿಕೆ ತೊಟ್ಟಿದ್ದಾರೆ. ಫೋಟೊ ನೋಡಿದ ನೆಂಟರೊಬ್ಬರು ‘ರವಿಕೆ ಕಲಿಸಿದ್ದೇ ಬ್ರಿಟಿಷರು’ ಎಂದರು. ಇನ್ನೊಬ್ಬರು ‘ಸೀರೆ, ರವಿಕೆ ನಮ್ಮ ಸಾವಿರಾರು ವರ್ಷಗಳ ಸಂಪ್ರದಾಯ’ ಎಂದು ವಾದಿಸಿದರು. ಯಾವುದು ಸರಿ? ಅಲ್ಲದೆ, ಉಡುಪಿನ ಬದಲಾವಣೆಗೂ ಸಮಾಜದ ಬದಲಾವಣೆಗೂ ನಿಜಕ್ಕೂ ಸಂಬಂಧವಿದೆಯೇ? ಅಥವಾ ಅದು ಉಳ್ಳವರ ಖಯಾಲಿ ಮಾತ್ರವೇ?

ಉತ್ತರ:

ಎರಡು ವಾದಗಳಲ್ಲಿ ಯಾವುದೂ ನಿಲ್ಲುವುದಿಲ್ಲ. ಹೊಲಿದ ಮೇಲುಡುಪು ಬ್ರಿಟಿಷರು ಇಲ್ಲಿ ಕಾಲಿಡುವುದಕ್ಕಿಂತ ಸಾವಿರ ವರ್ಷ ಮೊದಲೇ ಈ ನೆಲದಲ್ಲಿತ್ತು. ಆದರೆ ಅದು ಎಲ್ಲ ಹೆಂಗಸರ ಉಡುಪಾಗಿರಲಿಲ್ಲ. ಸೀರೆ, ಒಳಲಂಗ, ರವಿಕೆ ಮೂರೂ ಸೇರಿದ ಇಂದಿನ ಜೋಡಣೆಗೆ ಹೆಚ್ಚೆಂದರೆ ಒಂದೂವರೆ ಶತಮಾನದ ವಯಸ್ಸು. ಈ ನಡುವೆ ಏನಾಯಿತು ಎಂಬುದರಲ್ಲೇ ನಿಮ್ಮ ಕೊನೆಯ ಪ್ರಶ್ನೆಗೂ ಉತ್ತರವಿದೆ. ಬಟ್ಟೆಯ ಚರಿತ್ರೆಯನ್ನು ಓದುತ್ತ ಹೋದಷ್ಟೂ ನನಗೆ ಖಚಿತವಾಗಿರುವ ಸಂಗತಿ ಒಂದಿದೆ. ಮೈ ಮುಚ್ಚುವ ಬಟ್ಟೆಗಾಗಿ ನಡೆದ ಜಗಳಗಳಲ್ಲಿ ಮಾನ, ನಾಚಿಕೆ ಎಂಬ ಮಾತುಗಳು ಮೇಲೆ ತೇಲುತ್ತವೆ; ಒಳಗಿರುವುದು ಯಾರು ಯಾರಿಗೆ ಸಮ ಎಂಬ ತಕರಾರು.

ಹಳೆಯದರಿಂದಲೇ ಶುರು ಮಾಡೋಣ. ಅಜಂತಾದ ಒಂದನೇ ಗುಹೆಯಲ್ಲಿ ಮಹಾಜನಕ ಜಾತಕದ ಚಿತ್ರವಿದೆ, ಸುಮಾರು ಐದನೇ ಶತಮಾನದ್ದು. ಅದರಲ್ಲಿ ಕುಣಿಯುತ್ತಿರುವ ನರ್ತಕಿ ಉದ್ದ ತೋಳಿನ ಹೊಲಿದ ಅಂಗಿ ತೊಟ್ಟಿದ್ದಾಳೆ. ಅದೇ ಚಿತ್ರದಲ್ಲಿ ರಾಣಿಯ ಮೈಮೇಲೆ ಇರುವುದು ಒಡವೆ ಮಾತ್ರ. ಎದೆಯ ಮೇಲೆ ಬಟ್ಟೆಯಿಲ್ಲ. ಅಂದರೆ ಮೈ ತುಂಬ ಹೊಲಿದ ಬಟ್ಟೆ ಇರುವುದು ದೊಡ್ಡಸ್ತಿಕೆಯ ಗುರುತು, ಇಲ್ಲದಿರುವುದು ಕೀಳು ಎಂಬ ನಮ್ಮ ಈಗಿನ ಲೆಕ್ಕವನ್ನು ಅಲ್ಲಿಗೆ ಹಚ್ಚಲಾಗದು. ಬೇಲೂರಿನ ಮದನಿಕೆಯರನ್ನು ತೋರಿಸಿ ‘ನೋಡಿ, ಆಗ ಯಾರೂ ರವಿಕೆ ತೊಡುತ್ತಿರಲಿಲ್ಲ’ ಎನ್ನುವವರಿದ್ದಾರೆ. ಶಿಲ್ಪ ಫೋಟೊ ಅಲ್ಲ. ಶಿಲ್ಪಿಗೆ ತನ್ನದೇ ನಿಯಮಗಳಿದ್ದವು. ಅದನ್ನು ಬೀದಿಯ ಹೆಂಗಸರ ಉಡುಪಿಗೆ ಸಾಕ್ಷಿಯಾಗಿ ಒಡ್ಡಬಾರದು.

ಅಧಿಕಾರದ ಬೆನ್ನು ಹಿಡಿದು ಉಡುಪು ಬದಲಾಗುವುದಕ್ಕೆ ನಮ್ಮದೇ ಉದಾಹರಣೆ ಬೇಕಿದ್ದರೆ ವಿಜಯನಗರದ ಗಂಡಸರನ್ನು ನೋಡಬೇಕು. ಲೇಪಾಕ್ಷಿಯ ವೀರಭದ್ರ ದೇವಾಲಯದ ಚಾವಣಿಯಲ್ಲಿ ಹದಿನಾರನೇ ಶತಮಾನದ ವರ್ಣಚಿತ್ರಗಳಿವೆ. ಅಲ್ಲಿನ ಅಧಿಕಾರಿಗಳು ಮೊಳಕಾಲಿನಿಂದ ಕೆಳಗಿಳಿಯುವ ಕಬಾಯಿ ಎಂಬ ನಿಲುವಂಗಿ ತೊಟ್ಟು, ತಲೆಗೆ ಎತ್ತರದ ಕುಲ್ಲಾಯಿ ಇಟ್ಟು ಶಿವನ ಮುಂದೆ ಕೈ ಮುಗಿದಿದ್ದಾರೆ. ಪಶ್ಚಿಮ ಏಷ್ಯಾದ ಸುಲ್ತಾನರ ಆಸ್ಥಾನಗಳಲ್ಲಿ ನಡೆಯುತ್ತಿದ್ದ ಉಡುಪು ಅದು. ಹಿಂದೂ ದೊರೆಗಳ ಆಸ್ಥಾನಿಕರು ಅದನ್ನು ಒಪ್ಪಿಕೊಂಡದ್ದು ಧರ್ಮ ಬದಲಿಸಲು ಅಲ್ಲ. ದೊಡ್ಡ ಜಗತ್ತಿನ ದೊರೆಗಳ ಸಾಲಿನಲ್ಲಿ ತಾವೂ ನಿಲ್ಲುತ್ತೇವೆ ಎಂದು ತೋರಿಸಲು. ಇದಾದ ಮೂರು ಶತಮಾನಗಳ ಮೇಲೆ ಮೈಸೂರಿನ, ಬೆಂಗಳೂರಿನ ಕಚೇರಿಗಳಲ್ಲಿ ಕಚ್ಚೆಪಂಚೆಯ ಮೇಲೆ ಕೋಟು ಏರಿದ್ದಕ್ಕೂ ಇದೇ ಕಾರಣ.

ಇನ್ನು ಹೆಂಗಸರ ರವಿಕೆ. ನೀವು ಯಾವ ಕಡೆಯವರು ಎಂದು ಬರೆದಿಲ್ಲ. ಕರ್ನಾಟಕದಲ್ಲಿ ಉತ್ತರ ಒಂದೊಂದು ಕಡೆ ಒಂದೊಂದು. ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದಲ್ಲಿ ನೇಯುವ ಖಣ ಹುಟ್ಟಿದ್ದೇ ಕುಬಸಕ್ಕಾಗಿ, ಅಂದರೆ ರವಿಕೆಗಾಗಿ. ಸೀರೆಯ ಅಗಲವಿಲ್ಲದ ಕಿರುಪನ್ನದ ಬಟ್ಟೆ, ಎರಡೂ ಕಡೆ ಅಂಚು, ಹಾಸಿನ ನೂಲಿನಲ್ಲೇ ಮೂಡುವ ಸಣ್ಣ ಸಣ್ಣ ಬುಟ್ಟ. ಅಂಚು ತೋಳಿನ ತುದಿಗೆ ಬರುವಂತೆ ಕತ್ತರಿಸಿ ಹೊಲಿದರೆ ಮುಂದೆ ಗಂಟು ಹಾಕುವ ಕುಬಸ ಸಿದ್ಧ. ಅಕ್ಕಿ, ತೆಂಗಿನಕಾಯಿಯ ಜೊತೆಗೆ ಖಣವಿಟ್ಟು ಉಡಿ ತುಂಬುವ ರೂಢಿ ಆ ಕಡೆಯ ಮನೆಗಳಲ್ಲಿ ಇಂದಿಗೂ ಇದೆ. ಹದಿನೇಳು, ಹದಿನೆಂಟನೇ ಶತಮಾನದ ದಖನಿ ಚಿತ್ರಗಳಲ್ಲಿ ಚೋಳಿ ತೊಟ್ಟ ಹೆಂಗಸರು ಬೇಕಾದಷ್ಟು ಸಿಗುತ್ತಾರೆ. ಇಳಕಲ್ ಸೀರೆಯ ಮೇಲೆ ಖಣದ ಕುಬಸ ತೊಟ್ಟು ಬದುಕಿದವರಿಗೆ ರವಿಕೆಯನ್ನು ಬ್ರಿಟಿಷರು ಕಲಿಸಿದರು ಎಂದರೆ ಅದು ಅವರಿಗೂ ಅವರ ನೇಕಾರರಿಗೂ ಮಾಡುವ ಅನ್ಯಾಯ. ಕೊಡಗಿನ ಹೆಂಗಸರು ನಿರಿಗೆಯನ್ನು ಬೆನ್ನ ಹಿಂದೆ ಸಿಕ್ಕಿಸಿ, ಸೆರಗನ್ನು ಬಲ ಹೆಗಲ ಮೇಲೆ ತಂದು ನಿಲ್ಲಿಸುವ ಕ್ರಮ ಬೇರೆಯೇ.

ಕರಾವಳಿ, ಮಲೆನಾಡು, ಹಳೆಯ ಮೈಸೂರಿನ ಹಲವು ಹಳ್ಳಿಗಳಲ್ಲಿ ಮಾತ್ರ ರವಿಕೆಯಿಲ್ಲದ ಉಡುಗೆ ಇಪ್ಪತ್ತನೇ ಶತಮಾನದವರೆಗೂ ಬಂತು. ಕಾರಣ ಒಂದೇ ಅಲ್ಲ. ಸೆಕೆ, ಗದ್ದೆಯ ಕೆಲಸ, ಕೈಯಲ್ಲಿ ಕಾಸಿಲ್ಲದಿರುವುದು ಒಂದು ಕಡೆ; ಸಿಂಪಿಗರಿಗೆ ಕೊಟ್ಟು ಹೊಲಿಸುವುದು ದುಡ್ಡಿನ ಬಾಬತ್ತು. ಇನ್ನೊಂದು ಕಡೆ ಮಡಿ. ಕತ್ತರಿ, ಸೂಜಿ ತಾಗಿದ ಬಟ್ಟೆ ಮಡಿಗೆ ಬರುವುದಿಲ್ಲ ಎಂದು ಅಡುಗೆ, ಪೂಜೆಯ ಹೊತ್ತಿನಲ್ಲಿ ರವಿಕೆ ಕಳಚುತ್ತಿದ್ದ ಬ್ರಾಹ್ಮಣ ಮನೆಗಳಿದ್ದವು. ಅದೇ ಮನೆಗಳ ವಿಧವೆಯರ ಗತಿ ಇನ್ನೂ ಕಠೋರ. ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ರವಿಕೆಯನ್ನು ಶಾಶ್ವತವಾಗಿ ಕಿತ್ತುಕೊಳ್ಳುತ್ತಿದ್ದರು. ಹಾಗಾಗಿ ಹಳೆಯ ಫೋಟೊದಲ್ಲಿ ರವಿಕೆಯಿಲ್ಲದ ಇಬ್ಬರು ಹೆಂಗಸರು ಕಂಡರೆ ಇಬ್ಬರದೂ ಒಂದೇ ಕಥೆ ಎಂದುಕೊಳ್ಳಬೇಡಿ. ಒಬ್ಬಳಿಗೆ ಅದು ದಿನನಿತ್ಯದ ಉಡುಗೆ, ಇನ್ನೊಬ್ಬಳಿಗೆ ಶಿಕ್ಷೆ.

ಈಗ ನಮ್ಮ ತೆಂಕಣದ ನೆರೆಯ ಸೀಮೆಗೆ ಬರುತ್ತೇನೆ. ಉಡುಪಿಗೂ ಸಮಾಜಕ್ಕೂ ಏನು ಸಂಬಂಧ ಎಂದು ಕೇಳಿದವರಿಗೆಲ್ಲ ನಾನು ಹೇಳುವುದು ತಿರುವಾಂಕೂರಿನ ಮೇಲುಬಟ್ಟೆಯ ಹೋರಾಟವನ್ನು. ಹತ್ತೊಂಬತ್ತನೇ ಶತಮಾನದ ಮೊದಲರ್ಧ. ಇಂದಿನ ಕನ್ಯಾಕುಮಾರಿ ಜಿಲ್ಲೆಯ ನಾಗರಕೋವಿಲ್ ಸುತ್ತಮುತ್ತ ಆಗ ತಿರುವಾಂಕೂರು ಸಂಸ್ಥಾನದ ಆಳ್ವಿಕೆ. ಅಲ್ಲಿನ ನಾಡಾರರು, ಆಗಿನ ದಾಖಲೆಗಳ ಶಾನಾರರು, ತಾಟಿ ಮರ ಹತ್ತಿ ನೀರಾ ಇಳಿಸಿ ಬೆಲ್ಲ ಕಾಯಿಸಿ ಬದುಕುತ್ತಿದ್ದವರು. ಅವರ ಮೇಲಿದ್ದ ಕಟ್ಟಳೆಗಳನ್ನು ಒಂದೊಂದಾಗಿ ಓದಿದರೆ ಎದೆ ಭಾರವಾಗುತ್ತದೆ. ಕೊಡೆ ಹಿಡಿಯುವಂತಿಲ್ಲ. ಕಾಲಿಗೆ ಮೆಟ್ಟು ಹಾಕುವಂತಿಲ್ಲ. ಚಿನ್ನ ತೊಡುವಂತಿಲ್ಲ. ಮನೆಗೆ ಮಹಡಿ ಕಟ್ಟುವಂತಿಲ್ಲ. ಹಸು ಕರೆಯುವಂತಿಲ್ಲ. ಹೆಂಗಸರು ಕೊಡವನ್ನು ಸೊಂಟದ ಮೇಲೆ ಹೊರುವಂತಿಲ್ಲ. ಸೊಂಟದಿಂದ ಮೇಲೆ ಬಟ್ಟೆ ಹೊದೆಯುವಂತಿಲ್ಲ.

ಎದೆ ತೆರೆದಿರುವುದು ಅಲ್ಲಿ ಕೆಳಜಾತಿಯವರ ಪಾಲಿಗೆ ಮಾತ್ರ ಬಂದದ್ದಲ್ಲ ಎಂಬುದನ್ನು ಗಮನಿಸಬೇಕು. ಅದೊಂದು ಮರ್ಯಾದೆಯ ಸರಪಳಿ. ನಾಯರ್ ಹೆಂಗಸು ಹೆಗಲ ಮೇಲೆ ಹಗುರವಾದ ಮೇಲುಬಟ್ಟೆ ಹೊದೆಯಬಹುದಿತ್ತು, ಆದರೆ ನಂಬೂದಿರಿ ಬ್ರಾಹ್ಮಣನ ಮುಂದೆ ಅದನ್ನು ತೆಗೆಯಬೇಕಿತ್ತು. ದೇವರ ಮುಂದೆ ಎಲ್ಲರೂ ತೆಗೆಯಬೇಕಿತ್ತು. ತನಗಿಂತ ಮೇಲಿನವರ ಮುಂದೆ ಮೈ ತೆರೆಯುವುದೇ ಗೌರವ ಸಲ್ಲಿಸುವ ರೀತಿ. ಸರಪಳಿಯ ಕಟ್ಟಕಡೆಗೆ ಇದ್ದವರಿಗೆ ಎಲ್ಲರೂ ಮೇಲಿನವರೇ. ಹೀಗಾಗಿ ಅವರು ಯಾವ ಗಳಿಗೆಯಲ್ಲೂ ಮುಚ್ಚಿಕೊಳ್ಳುವಂತಿರಲಿಲ್ಲ.

ಲಂಡನ್ ಮಿಷನರಿ ಸೊಸೈಟಿಯವರು ನಾಗರಕೋವಿಲ್ ಸೀಮೆಗೆ ಬಂದ ಮೇಲೆ ನಾಡಾರರಲ್ಲಿ ಬಹಳ ಮಂದಿ ಕ್ರೈಸ್ತರಾದರು. ಮಿಷನರಿಗಳ ಹೆಂಡತಿಯರು ಹುಡುಗಿಯರಿಗೆ ಓದು, ಹೊಲಿಗೆ, ಲೇಸು ಹೆಣೆಯುವುದನ್ನು ಕಲಿಸಿದರು. ತೊಡಲು ಸಡಿಲವಾದ ಕುಪ್ಪಾಯವನ್ನು ಹೊಲಿಸಿಕೊಟ್ಟರು. 1813-14ರ ಸುಮಾರಿಗೆ ರೆಸಿಡೆಂಟ್, ಅಂದರೆ ಸಂಸ್ಥಾನದಲ್ಲಿ ಬ್ರಿಟಿಷರ ಪ್ರತಿನಿಧಿ, ಆಗಿದ್ದ ಕರ್ನಲ್ ಜಾನ್ ಮನ್ರೋ, ಕ್ರೈಸ್ತರಾದ ಹೆಂಗಸರು ಎದೆ ಮುಚ್ಚಬಹುದು ಎಂದು ಆಜ್ಞೆ ಹೊರಡಿಸಿದ. ಮೇಲ್ಜಾತಿಯವರು ಸಿಡಿದೆದ್ದ ಮೇಲೆ ಆ ಅನುಮತಿ ಕುಪ್ಪಾಯಕ್ಕಷ್ಟೇ ಸೀಮಿತವಾಯಿತು: ಸಿರಿಯನ್ ಕ್ರೈಸ್ತ, ಮಾಪ್ಪಿಳ್ಳ ಮುಸಲ್ಮಾನ ಹೆಂಗಸರು ತೊಡುವ ಬಗೆಯ ಅಂಗಿ ಸರಿ, ನಾಯರ್ ಹೆಂಗಸರ ಹಾಗೆ ಹೆಗಲ ಮೇಲೆ ಬಟ್ಟೆ ಬೇಡ.

ಮಿಷನರಿಗಳಿಗೆ ಬೇಕಾದದ್ದು ಮೈ ಮುಚ್ಚುವುದು. ಅದು ಕುಪ್ಪಾಯದಿಂದ ಆಗುತ್ತಿತ್ತು. ನಾಡಾರ್ ಹೆಂಗಸರಿಗೆ ಅಷ್ಟು ಸಾಲಲಿಲ್ಲ. ಅವರು ಕುಪ್ಪಾಯ ತೊಟ್ಟರು, ಅದರ ಮೇಲೆ ನಾಯರ್ ಹೆಂಗಸರಂತೆಯೇ ಮೇಲುಬಟ್ಟೆಯನ್ನೂ ಹೊದ್ದರು. ಕ್ರೈಸ್ತರಾಗದೆ ಉಳಿದ ನಾಡಾರ್ ಹೆಂಗಸರೂ ಹಾಗೆಯೇ ಮಾಡತೊಡಗಿದರು. ಹೋರಾಟದ ತಿರುಳು ಇರುವುದು ಇಲ್ಲಿ. ನಾಚಿಕೆಯಷ್ಟೇ ಪ್ರಶ್ನೆಯಾಗಿದ್ದರೆ 1814ಕ್ಕೇ ವಿಷಯ ಮುಗಿಯಬೇಕಿತ್ತು. ಮುಗಿಯಲಿಲ್ಲ, ಇನ್ನೂ ನಲವತ್ತೈದು ವರ್ಷ ಎಳೆಯಿತು. 1820ರ ದಶಕದಲ್ಲಿ ಸಂತೆಗಳಲ್ಲಿ ಹೆಂಗಸರ ಮೈಮೇಲಿನ ಬಟ್ಟೆಯನ್ನು ಕಿತ್ತೆಸೆದರು. 1829ರ ಫೆಬ್ರವರಿಯಲ್ಲಿ ಸಂಸ್ಥಾನದ ಸರ್ಕಾರ ಶಾನಾರ್ ಹೆಂಗಸರು ಮೇಲುಬಟ್ಟೆ ಹೊದೆಯಬಾರದು ಎಂದು ಮತ್ತೊಮ್ಮೆ ಸಾರಿತು. ಅದೇ ಸೀಮೆಯ ಧರ್ಮಸುಧಾರಕ ಅಯ್ಯಾ ವೈಕುಂಡರು ತಮ್ಮ ಗಂಡಸು ಭಕ್ತರಿಗೆ ತಲೆಗೆ ರುಮಾಲು ಕಟ್ಟಿಯೇ ಪೂಜೆಗೆ ನಿಲ್ಲಿ ಎಂದರು. ರುಮಾಲು ಮೇಲಿನವರ ಸ್ವತ್ತು ಎಂದಿದ್ದ ಕಾಲದಲ್ಲಿ ಆಡಿದ ಮಾತದು.

1855ರಲ್ಲಿ ತಿರುವಾಂಕೂರಿನಲ್ಲಿ ಜೀತದ ಗುಲಾಮಗಿರಿ ಕಾನೂನಿನ ಪ್ರಕಾರ ರದ್ದಾಯಿತು. ಸಿಲೋನಿನ ಕಾಫಿ ತೋಟಗಳಿಗೆ ದುಡಿಯಲು ಹೋದವರ ಕೈಗೆ ನಾಲ್ಕು ಕಾಸು ಬಂತು. ನಾಳೆ ಬಿಟ್ಟಿ ಚಾಕರಿಗೆ ಇವರು ಸಿಗುವುದಿಲ್ಲ ಎಂಬ ಭಯ ಜಮೀನ್ದಾರರಲ್ಲಿ ಹುಟ್ಟಿದ್ದೂ ಆಗಲೇ. ಕಾನೂನು ಬದಲಾಗಿರಬಹುದು, ಕೂಲಿಯೂ ಬದಲಾಗಿರಬಹುದು. ಅವೆರಡೂ ದಾರಿಯಲ್ಲಿ ಹೋಗುವಾಗ ಕಣ್ಣಿಗೆ ಬೀಳುವುದಿಲ್ಲ. ಹೆಗಲ ಮೇಲಿನ ಬಟ್ಟೆ ಬೀಳುತ್ತದೆ. 1858ರ ಕೊನೆಗೆ ಗಲಭೆ ಎಲ್ಲೆ ಮೀರಿತು. ಬೀದಿಯಲ್ಲಿ ಹೆಂಗಸರನ್ನು ಬಟ್ಟೆ ಸೆಳೆದು ಅವಮಾನಿಸಿದರು, ಚರ್ಚುಗಳು, ಶಾಲೆಗಳು ಸುಟ್ಟವು. ದಿವಾನ ಟಿ. ಮಾಧವರಾವ್ ಮೊದಮೊದಲು ಹಳೆಯ ರೂಢಿಯನ್ನೇ ಎತ್ತಿಹಿಡಿದರು. ಮದರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲಿಯನ್ ಒತ್ತಡ ಹೇರಿದ ಮೇಲೆ 1859ರ ಜುಲೈ 26ರಂದು ಮಹಾರಾಜ ಉತ್ರಂ ತಿರುನಾಳರ ಘೋಷಣೆ ಹೊರಬಿತ್ತು.

ಆ ಘೋಷಣೆಯಲ್ಲಿ ಏನಿದೆ ಎಂಬುದನ್ನು ನಿಧಾನವಾಗಿ ಓದಬೇಕು. ಶಾನಾರ್ ಹೆಂಗಸರು ಕ್ರೈಸ್ತ ಹೆಂಗಸರಂತೆ ಕುಪ್ಪಾಯ ತೊಡಬಹುದು. ಮೀನುಗಾರ ಮುಕ್ಕುವರ ಹೆಂಗಸರಂತೆ ಒರಟು ಬಟ್ಟೆಯನ್ನು ಎದೆಗೆ ಸುತ್ತಿಕೊಳ್ಳಬಹುದು. ಬೇರೆ ಯಾವ ರೀತಿಯಲ್ಲಾದರೂ ಎದೆ ಮುಚ್ಚಿಕೊಳ್ಳಬಹುದು. ಆದರೆ ಮೇಲ್ಜಾತಿಯ ಹೆಂಗಸರ ರೀತಿಯಲ್ಲಿ ಮಾತ್ರ ಕೂಡದು. ಆಳುವವರೇ ಒಪ್ಪಿಕೊಂಡಂತಾಯಿತಲ್ಲ! ಮುಚ್ಚುವುದಕ್ಕೆ ಅಡ್ಡಿಯಿಲ್ಲ, ಸಮನಾಗಿ ಕಾಣುವುದಕ್ಕೆ ಅಡ್ಡಿ. ಈ ಒಂದು ‘ಆದರೆ’ಯೇ ಇಡೀ ಹೋರಾಟ ಯಾವುದಕ್ಕಾಗಿ ನಡೆಯಿತು ಎಂಬುದಕ್ಕೆ ಸಾಕಾದಷ್ಟು ದಾಖಲೆ. ಉಳಿದ ಕೆಳಜಾತಿಯ ಹೆಂಗಸರಿಗೆ ಅನುಮತಿ ಸಿಗಲು ಇನ್ನೂ ಕೆಲವು ವರ್ಷ ಬೇಕಾಯಿತು. ಪುಲಯ ಹೆಂಗಸರು ಕೊರಳಿಗೆ ಕಲ್ಲುಮಣಿಯ ಸರ ಹಾಕಲೇಬೇಕೆಂಬ ನಿಯಮವನ್ನು ಕಿತ್ತೊಗೆದದ್ದು ಇನ್ನೂ ತಡವಾಗಿ, 1915ರಲ್ಲಿ, ಕೊಲ್ಲಂ ಬಳಿಯ ಪೆರಿನಾಡಿನಲ್ಲಿ, ಅಯ್ಯಂಕಾಳಿಯವರ ಮುಂದಾಳತನದಲ್ಲಿ.

ಇದರ ಜೊತೆಗೆ ನಂಗೇಲಿಯ ಕಥೆಯನ್ನು ನೀವು ಮೊಬೈಲ್‌ನಲ್ಲಿ ಓದಿರಬಹುದು. ಮೊಲೆಗರ ಕೇಳಲು ಬಂದವರ ಮುಂದೆ ಆಕೆ ತನ್ನ ಎದೆಯನ್ನೇ ಕೊಯ್ದಿಟ್ಟಳು ಎಂಬ ಕಥೆ ಚೇರ್ತಲದ ಜನರ ಬಾಯಲ್ಲಿ ಉಳಿದುಬಂದದ್ದು. ಆ ಕಾಲದ ಬರಹದ ದಾಖಲೆಯಲ್ಲಿ ಇಲ್ಲ. ಮೊಲೆಗರ ಎಂಬ ಹೆಸರಿನ ತೆರಿಗೆ ನಿಜವಾಗಿಯೂ ಇತ್ತು. ದುಡಿಯುವ ಕೆಳಜಾತಿಗಳ ಗಂಡಸಿಗೆ ತಲೆಗರ, ಹೆಂಗಸಿಗೆ ಮೊಲೆಗರ. ಆಳಿಗಿಷ್ಟು ಎಂದು ಹೇರಿದ ತೆರಿಗೆ. ಎದೆ ಮುಚ್ಚಿದರೆ ಕೊಡಬೇಕು, ತೆರೆದರೆ ಬೇಡ ಎಂಬುದು ಆಮೇಲೆ ಸೇರಿದ ವಿವರಣೆ. ಆ ಹೆಂಗಸಿನ ಕಥೆಯನ್ನು ಜನ ಇಷ್ಟು ಕಾಲ ಕಾಪಾಡಿಕೊಂಡು ಬಂದಿದ್ದಾರೆ ಎಂಬುದನ್ನು ನಾನು ಗೌರವಿಸುತ್ತೇನೆ. ಆದರೆ ವಾದಕ್ಕೆ ನಿಲ್ಲುವಾಗ 1859ರ ಘೋಷಣೆಯನ್ನು ಮುಂದಿಡಿ. ಅದನ್ನು ಯಾರೂ ಅಲ್ಲಗಳೆಯಲಾರರು.

ಹೊಸ ಉಡುಪು ಮನೆಯೊಳಗೆ ಬರುವಾಗ ಏನಾಗುತ್ತಿತ್ತು? ತಿರುವಾಂಕೂರು-ಕೊಚ್ಚಿಯ ಮುಖ್ಯಮಂತ್ರಿಯಾಗಿದ್ದ, ಈಳವ ಸಮುದಾಯದ ಸಿ. ಕೇಶವನ್ ತಮ್ಮ ಆತ್ಮಕಥೆಯಲ್ಲಿ ಅತ್ತೆ ಹೇಳಿದ ಪ್ರಸಂಗವೊಂದನ್ನು ದಾಖಲಿಸಿದ್ದಾರೆ. ಎಳೆ ವಯಸ್ಸಿನ ಆಕೆಗೆ ನಾದಿನಿಯಿಂದ ಎರಡು ರವಿಕೆ ಸಿಕ್ಕವು. ತೊಟ್ಟಾಗ ಮೈಗೆಲ್ಲ ಕಚಗುಳಿ, ಮನಸ್ಸಿಗೆ ಹಿಗ್ಗು. ತಾಯಿಗೆ ತೋರಿಸಿದರೆ, ಇದನ್ನು ತೊಟ್ಟು ಎಲ್ಲಿ ಮೆರೆಯಲು ಹೊರಟೆ, ಮಡಿಸಿ ಪೆಟ್ಟಿಗೆಗೆ ಹಾಕು ಎಂದು ಗದರಿದಳು. ರಾತ್ರಿ ಗಂಡನಿಗೆ ತೋರಿಸಿದಾಗ ಆತ ಚೆನ್ನಾಗಿದೆ ಎಂದ. ಅದೇ ಧೈರ್ಯದಲ್ಲಿ ಬೆಳಗ್ಗೆ ತೊಟ್ಟು ಹೊರಬಂದರೆ ಬೆನ್ನ ಹಿಂದೆ ತಾಯಿ ತೆಂಗಿನ ಗರಿಯ ದಂಟು ಮುರಿಯುವ ಸದ್ದು. ಮುಸಲ್ಮಾನ ಹೆಂಗಸರ ಹಾಗೆ ಅಂಗಿ ತೊಟ್ಟು ತಿರುಗುತ್ತೀಯಾ ಎಂದು ತಾಯಿ ಕೂಗಾಡಿದಳು. ರವಿಕೆ ತೊಡುವುದೇ ಆ ತಾಯಿಯ ಕಣ್ಣಿಗೆ ಅಪಮರ್ಯಾದೆ! ಇಂದು ಮಗಳ ರವಿಕೆಗೆ ತೋಳಿಲ್ಲ ಎಂದು ಸಿಟ್ಟಾಗುವ ತಾಯಂದಿರು ಆಡುವ ಮಾತುಗಳೇ ಅವು, ದಿಕ್ಕು ಮಾತ್ರ ಉಲ್ಟಾ.

ಇಂದಿನ ಸೀರೆಯ ಉಡಿಕೆ ಬಂದದ್ದು ಬೇರೆ ದಿಕ್ಕಿನಿಂದ. ಸತ್ಯೇಂದ್ರನಾಥ ಠಾಗೋರ್ ಐಸಿಎಸ್ ಸೇರಿದ ಮೊದಲ ಭಾರತೀಯ. 1864ರಲ್ಲಿ ಅವರಿಗೆ ಬೊಂಬಾಯಿ ಪ್ರಾಂತ್ಯದಲ್ಲಿ ಕೆಲಸ ಸಿಕ್ಕಿ, ಹೆಂಡತಿ ಜ್ಞಾನದಾನಂದಿನಿ ದೇವಿ ಜೊತೆಗೆ ಹೊರಟಾಗ ಎದುರಾದ ಕಷ್ಟ ಇದು: ಬಂಗಾಳದ ಮನೆತನದ ಹೆಂಗಸು ಒಳಮನೆಯಲ್ಲಿ ಉಡುತ್ತಿದ್ದದ್ದು ಒಂಟಿ ತೆಳುಸೀರೆ. ಹೊರಗೆ ಹೋಗುವ ರೂಢಿಯೇ ಇಲ್ಲದಿದ್ದ ಮೇಲೆ ಹೊರಗೆ ಹೋಗುವ ಉಡುಪು ಎಲ್ಲಿಂದ ಬರಬೇಕು? ಫ್ರೆಂಚ್ ದರ್ಜಿಯಿಂದ ಹೊಲಿಸಿದ ಉಡುಪು ತೊಡುವುದೇ ಹರಸಾಹಸವಾಯಿತು. ಬೊಂಬಾಯಿಯಲ್ಲಿ ಪಾರ್ಸಿ ಹೆಂಗಸರು ಸೀರೆ ಉಡುವುದನ್ನು ನೋಡಿ ಆಕೆ ಅದನ್ನು ತಮಗೆ ಒಗ್ಗಿಸಿಕೊಂಡರು. ಬಲಗೈ ಕೆಲಸಕ್ಕೆ ಬಿಡುವಾಗಿರಲೆಂದು ಸೆರಗನ್ನು ಎಡ ಹೆಗಲಿಗೆ ತಂದರು. ಒಳಗೆ ಲಂಗ, ಮೇಲೆ ರವಿಕೆ. ಕಲ್ಕತ್ತೆಗೆ ಮರಳಿದ ಮೇಲೆ ಈ ಕ್ರಮವನ್ನು ಕಲಿಸಿಕೊಡುತ್ತೇನೆ ಎಂದು ಪತ್ರಿಕೆಯಲ್ಲಿ ಪ್ರಕಟಣೆಯನ್ನೂ ಕೊಟ್ಟರು. ಬ್ರಹ್ಮಸಮಾಜದ ಹೆಂಗಸರು ಮೊದಲು ಅನುಸರಿಸಿದರು. ಅದಕ್ಕೇ ಅದು ಬ್ರಾಹ್ಮಿಕಾ ಸೀರೆ ಎನಿಸಿತು. ಇದೇ ಸತ್ಯೇಂದ್ರನಾಥರು ಮುಂದೆ ನಮ್ಮ ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ತಮ್ಮ ರವೀಂದ್ರನಾಥ ಅಲ್ಲಿಗೆ ಬಂದು ಉಳಿದದ್ದನ್ನು ಕಾರವಾರದವರು ಇಂದಿಗೂ ಅಭಿಮಾನದಿಂದ ಹೇಳುತ್ತಾರೆ.

ತಿರುವಾಂಕೂರಿನಲ್ಲಿ ಮೈಮೇಲಿನ ಬಟ್ಟೆ ಜಾತಿಯ ಗೆರೆ ದಾಟಿತು, ಬಂಗಾಳದಲ್ಲಿ ಹೊಸ್ತಿಲು ದಾಟಿತು. ಎರಡನ್ನೂ ಸೇರಿಸಿ ‘ಬ್ರಿಟಿಷರ ನಾಚಿಕೆ ನಮಗೆ ಅಂಟಿತು’ ಎಂದು ಒಂದೇ ವಾಕ್ಯದಲ್ಲಿ ಮುಗಿಸುವವರ ಮೇಲೆ ನನಗೆ ತಕರಾರಿದೆ. ವಿಕ್ಟೋರಿಯಾ ಕಾಲದ ನೀತಿಬೋಧೆಯ ಒತ್ತಡ ಇದ್ದದ್ದು ನಿಜ. ರವಿಕೆಯ ಎತ್ತರದ ಕಾಲರು, ಲೇಸು, ಉಬ್ಬಿದ ತೋಳು ಇಂಗ್ಲೆಂಡಿನ 1890ರ ದಶಕದ ಫ್ಯಾಷನ್ನಿನಿಂದ ಬಂದದ್ದೂ ನಿಜ. ಆದರೆ ಹಾಗೆ ಹೇಳುವಾಗ ಸಂತೆಯಲ್ಲಿ ಬಟ್ಟೆ ಕಿತ್ತರೂ ಮರುದಿನ ಮತ್ತೆ ಹೊದ್ದು ಬಂದ ಹೆಂಗಸರು ಕಥೆಯಿಂದಲೇ ಮಾಯವಾಗುತ್ತಾರೆ. ಅವರು ಯಾರಿಂದಲೂ ಕಲಿತು ತೊಟ್ಟವರಲ್ಲ, ಪಟ್ಟು ಹಿಡಿದು ತೊಟ್ಟವರು.

ಹೊಸ ಉಡಿಕೆ ‘ಸಂಪ್ರದಾಯ’ವಾಗಿ ಊರೂರಿಗೆ ಹರಡಿದ್ದಕ್ಕೆ ರಾಜಾ ರವಿವರ್ಮನ ಮುದ್ರಣಾಲಯ ದೊಡ್ಡ ಕಾರಣ. ರವಿವರ್ಮ ಹುಟ್ಟಿದ್ದು ಅದೇ ತಿರುವಾಂಕೂರಿನಲ್ಲಿ, 1848ರಲ್ಲಿ. ಮೇಲುಬಟ್ಟೆಯ ಕೊನೆಯ ಗಲಭೆ ನಡೆದಾಗ ಹತ್ತು ವರ್ಷದ ಹುಡುಗ. 1894ರಲ್ಲಿ ಬೊಂಬಾಯಿಯಲ್ಲಿ ಆತ ತೆರೆದ ಮುದ್ರಣಾಲಯದಿಂದ ಹೊರಬಿದ್ದ ಲಕ್ಷ್ಮಿ, ಸರಸ್ವತಿಯರ ಬಣ್ಣದ ಚಿತ್ರಗಳು ಮನೆಮನೆಯ ದೇವರ ಗೂಡು ಸೇರಿದವು. ಅವರು ಉಟ್ಟದ್ದು ನಿರಿಗೆಯ ಸೀರೆ, ತೊಟ್ಟದ್ದು ರವಿಕೆ. ದಿನವೂ ಕೈ ಮುಗಿಯುವ ದೇವಿಯೇ ಹಾಗಿರುವಾಗ ಆ ಉಡುಪು ಅನಾದಿಯದು ಎಂದು ಮುಂದಿನ ತಲೆಮಾರು ನಂಬಿದ್ದರಲ್ಲಿ ಅಚ್ಚರಿಯಿಲ್ಲ. ನಿಮ್ಮ ನೆಂಟರ ‘ಸಾವಿರಾರು ವರ್ಷ’ದ ಮೂಲ ಬಹುಶಃ ಅಲ್ಲೇ ಇದೆ.

ಇನ್ನೊಂದು ಕಾರಣ ಹೊಲಿಗೆ ಯಂತ್ರ. ಐಸಾಕ್ ಸಿಂಗರ್ 1851ರಲ್ಲಿ ಪೇಟೆಂಟ್ ಪಡೆದ ಯಂತ್ರ ಕೆಲವೇ ದಶಕಗಳಲ್ಲಿ ನಮ್ಮ ಪೇಟೆ ಬೀದಿಗಳಿಗೆ ಬಂತು. ಕೈಯಲ್ಲಿ ದಿನವಿಡೀ ಹಿಡಿಯುತ್ತಿದ್ದ ಹೊಲಿಗೆ ಗಂಟೆಗಳಲ್ಲಿ ಮುಗಿಯಿತು, ಕೂಲಿ ಇಳಿಯಿತು. ಯಂತ್ರಗಳನ್ನು ಅಷ್ಟು ಟೀಕಿಸಿದ ಗಾಂಧೀಜಿ ಕೂಡ 1924ರಲ್ಲಿ ಸಿಂಗರ್ ಯಂತ್ರವನ್ನು ಮಾತ್ರ ಮೆಚ್ಚಿ ಮಾತಾಡಿದರು. ಹೆಂಡತಿ ಕೈಯಲ್ಲೇ ಹೊಲಿದು ದಣಿಯುವುದನ್ನು ನೋಡಲಾಗದೆ ಸಿಂಗರ್ ಅದನ್ನು ಮಾಡಿದ ಎಂಬ ನಂಬಿಕೆ ಅವರ ಮೆಚ್ಚುಗೆಗೆ ಕಾರಣವಾಗಿತ್ತು. ಇತ್ತ ಹೆಣ್ಣುಮಕ್ಕಳ ಶಾಲೆಗಳು ತೆರೆದವು. ಮೈಸೂರಿನ ಮಹಾರಾಣಿ ಬಾಲಿಕಾ ಪಾಠಶಾಲೆ 1881ರದ್ದು. ಶಾಲೆಗೆ ಹೋಗುವ ಹುಡುಗಿ ಬೀದಿಯಲ್ಲಿ ನಡೆಯಬೇಕು, ಮೇಷ್ಟರ ಮುಂದೆ ನಿಲ್ಲಬೇಕು. ಲಂಗ, ರವಿಕೆ ಅವಳ ಜೊತೆಗೇ ಬಂದವು.

ನಿಮ್ಮ ಫೋಟೊವನ್ನು ಇದೆಲ್ಲದರ ಬೆಳಕಿನಲ್ಲಿ ನೋಡಿ. ಮುತ್ತಜ್ಜಿಯ ಸೀರೆ ಹದಿನೆಂಟು ಮೊಳದ್ದೇ, ಕಚ್ಚೆ ಹಾಕಿದ್ದಾರೆಯೇ, ಕೈಯಲ್ಲಿ ಬಳೆ, ಹಣೆಯಲ್ಲಿ ಕುಂಕುಮ ಇವೆಯೇ? ಇದ್ದರೆ ರವಿಕೆ ಇಲ್ಲದಿರುವುದು ರೂಢಿ. ಇಲ್ಲದಿದ್ದರೆ, ತಲೆಯ ಮೇಲೆ ಸೆರಗು ಬಿಗಿದಿದ್ದರೆ, ವೈಧವ್ಯದ ಸಾಧ್ಯತೆ ಇದೆ. ಅಜ್ಜಿ ಶಾಲೆಗೆ ಹೋಗಿದ್ದರೇ, ಊರಲ್ಲಿ ದರ್ಜಿ ಇದ್ದನೇ, ಮೊದಲ ರವಿಕೆಗೆ ಮನೆಯಲ್ಲಿ ಒಪ್ಪಿದವರು ಯಾರು, ಮುನಿದವರು ಯಾರು ಎಂದು ಮನೆಯ ಹಿರಿಯ ಹೆಂಗಸರನ್ನು ಕೇಳಿ ಬರೆದಿಟ್ಟುಕೊಳ್ಳಿ. ಇಂಥ ಸಂಗತಿ ಯಾವ ಕಚೇರಿಯ ಕಡತದಲ್ಲೂ ಸಿಗುವುದಿಲ್ಲ.

ಒಂದು ಎಚ್ಚರಿಕೆ. ಎಲ್ಲರೂ ರವಿಕೆಯ ಕಡೆಗೇ ನಡೆದರು, ಅದೇ ಪ್ರಗತಿ ಎಂದು ಭಾವಿಸಬೇಡಿ. ಉತ್ತರ ಕನ್ನಡದ ಹಾಲಕ್ಕಿ ಒಕ್ಕಲಿಗರ ಹಿರಿಯ ಹೆಂಗಸರು ಸೀರೆಯನ್ನು ಕೊರಳ ಬಳಿ ಗಂಟು ಹಾಕಿ, ರವಿಕೆಯಿಲ್ಲದೆ, ಎದೆ ತುಂಬ ಮಣಿಸರಗಳೊಂದಿಗೆ ಉಡುವ ಕ್ರಮವನ್ನು ಬಿಡಲಿಲ್ಲ. 2021ರ ನವೆಂಬರಿನಲ್ಲಿ ತುಳಸಿ ಗೌಡರು ಅದೇ ಉಡುಗೆಯಲ್ಲಿ, ಬರಿಗಾಲಲ್ಲಿ, ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ಸ್ವೀಕರಿಸಿದರು. ನಾಡಾರ್ ಹೆಂಗಸು ಬಟ್ಟೆ ಹೊದ್ದದ್ದೂ, ತುಳಸಿ ಗೌಡರು ರವಿಕೆ ತೊಡದೆ ಹೋದದ್ದೂ ನನಗೆ ಒಂದೇ ಸಾಲಿನಲ್ಲಿ ಕಾಣುತ್ತವೆ. ತಾನು ಏನು ಉಡಬೇಕೆಂದು ಬೇರೆಯವರ ಅಪ್ಪಣೆ ಕೇಳಲಿಲ್ಲ ಇಬ್ಬರೂ.

ಉಡುಪು ಉಳ್ಳವರ ಖಯಾಲಿಯೇ ಎಂದು ಕೇಳಿದ್ದೀರಿ. 1927ರ ಡಿಸೆಂಬರಿನಲ್ಲಿ ಮಹಾಡ್ ಸತ್ಯಾಗ್ರಹದ ಸಮ್ಮೇಳನಕ್ಕೆ ಬಂದ ದಲಿತ ಹೆಂಗಸರನ್ನು ಉದ್ದೇಶಿಸಿ ಅಂಬೇಡ್ಕರ್ ಮಾತಾಡಿದರು. ಮೊಣಕಾಲ ಮೇಲೆ ಎತ್ತಿ ಉಟ್ಟ ಸೀರೆ, ಕೈತುಂಬ ಬೆಳ್ಳಿಯ ದಪ್ಪ ಕಡಗ, ಕೊರಳ ಭಾರದ ಸರಗಳು ದೂರದಿಂದಲೇ ನಿಮ್ಮನ್ನು ಅಸ್ಪೃಶ್ಯರೆಂದು ಗುರುತಿಸಲು ಇವೆ. ಬಿಟ್ಟುಬಿಡಿ, ಉಳಿದ ಹೆಂಗಸರಂತೆ ಪಾದದವರೆಗೆ ಸೀರೆ ಉಡಿ, ಅದಕ್ಕೆ ಖರ್ಚಿಲ್ಲ ಎಂಬುದು ಅವರ ಮಾತಿನ ಸಾರ. ಸಮ್ಮೇಳನಕ್ಕೆ ನೆರವಾಗಿದ್ದ ಮೇಲ್ಜಾತಿಯ ಹೆಂಗಸರು ಉಡುವ ಕ್ರಮವನ್ನು ತೋರಿಸಿಕೊಟ್ಟರು. ಬಂದವರು ಅಲ್ಲೇ ಉಡಿಕೆ ಬದಲಿಸಿದರು.

ಇದಾಗಿ ಕೆಲವೇ ದಿನಗಳಿಗೆ, 1928ರ ಜನವರಿ 4ರಂದು, ಇಂದೋರ್ ಜಿಲ್ಲೆಯ ಹಳ್ಳಿಗಳ ಸುದ್ದಿಯೊಂದು ಪತ್ರಿಕೆಯಲ್ಲಿ ಬಂತು. ಮುಂದೆ ಅಂಬೇಡ್ಕರ್ ಅದನ್ನು ತಮ್ಮ ಬರಹದಲ್ಲಿ ಎತ್ತಿ ತೋರಿಸಿದರು. ಹದಿನೈದಕ್ಕೂ ಹೆಚ್ಚು ಹಳ್ಳಿಗಳ ಪಟೇಲರು, ಪಟವಾರಿಗಳು ಸೇರಿದಂತೆ ಮೇಲ್ಜಾತಿಯವರು ಅಸ್ಪೃಶ್ಯರೆನಿಸಿದ್ದ ಬಲಾಯಿ ಜನರಿಗೆ ನಿಯಮಗಳನ್ನು ಸಾರಿದ್ದರು. ಜರಿಯಂಚಿನ ರುಮಾಲು ಸುತ್ತಬಾರದು. ಬಣ್ಣದ ಅಂಚಿನ ಧೋತರ ಉಡಬಾರದು. ಹೆಂಗಸರು ಬೆಳ್ಳಿ, ಬಂಗಾರ ತೊಡಬಾರದು. ಅಂದದ ಲಂಗ, ರವಿಕೆ ತೊಡಬಾರದು. ಇದರ ಬೆನ್ನಿಗೇ ಬರುವ ನಿಯಮಗಳು ಕೂಲಿ ಕೇಳದೆ ಚಾಕರಿ ಮಾಡಬೇಕು, ಕೊಟ್ಟಷ್ಟು ತೆಗೆದುಕೊಳ್ಳಬೇಕು ಎಂಬವು. ರವಿಕೆಯೂ ಕೂಲಿಯೂ ಒಂದೇ ಪಟ್ಟಿಯಲ್ಲಿ. ಬಲಾಯಿಗಳು ಒಪ್ಪಲಿಲ್ಲ. ಅವರಿಗೆ ಬಾವಿಯ ನೀರು ನಿಂತಿತು, ದನ ಮೇಯಿಸುವುದು ನಿಂತಿತು, ಮೇಲ್ಜಾತಿಯವರ ಹೊಲದ ನಡುವೆ ನಡೆಯುವುದೂ ನಿಂತಿತು. ದರ್ಬಾರಿಗೆ ಕೊಟ್ಟ ಅರ್ಜಿಗೆ ಸಕಾಲದಲ್ಲಿ ಪರಿಹಾರ ಸಿಗಲಿಲ್ಲ. ನೂರಾರು ಬಲಾಯಿಗಳು ಹೆಂಡತಿ ಮಕ್ಕಳೊಂದಿಗೆ ತಲೆಮಾರುಗಳಿಂದ ಬಾಳಿದ ಮನೆ ಬಿಟ್ಟು ಧಾರ್, ದೇವಾಸ್, ಭೋಪಾಲ್, ಗ್ವಾಲಿಯರ್ ಸಂಸ್ಥಾನಗಳ ಹಳ್ಳಿಗಳಿಗೆ ಗುಳೆ ಹೋದರು.